ಜಾನಿ ಸ್ಮಿತ್ ಗಿಟಾರ್‌ನ ಮೂನ್‌ಲೈಟ್ ಇನ್ ವರ್ಮಾಂಟ್: ಇಷ್ಟು ನಿಧಾನ ಇದ್ರೂ ಯಾಕೆ ಎಳೆದ ಹಾಗೆ ಅನ್ಸಲ್ಲ?

ನಿಧಾನಗತಿ:
ಎಲ್ರಿಗೂ ನಮಸ್ಕಾರ. ಮನೇಲಿ ಕರ್ನಾಟಕ ಸಂಗೀತ ಕೇಳ್ಕೊಂಡು ಬೆಳೆದವ್ನು, ಜಾಝ್ ಕಡೆ ಬಂದಿದ್ದು ಇತ್ತೀಚೆಗೆ. ಈಗ ಒಂದು ರೆಕಾರ್ಡ್ ಹಿಡ್ಕೊಂಡಿದೆ, ಬಿಡ್ತಾನೇ ಇಲ್ಲ. ಜಾನಿ ಸ್ಮಿತ್ ಅನ್ನೋ ಗಿಟಾರ್ ವಾದಕ 1952ರಲ್ಲಿ ರೂಸ್ಟ್ ಲೇಬಲ್‌ಗೆ ನುಡಿಸಿದ ಮೂನ್‌ಲೈಟ್ ಇನ್ ವರ್ಮಾಂಟ್. ಜೊತೆಗೆ ಟೆನರ್ ಸ್ಯಾಕ್ಸ್‌ನಲ್ಲಿ ಸ್ಟ್ಯಾನ್ ಗೆಟ್ಜ್. ಮೂರು ನಿಮಿಷದ ಆಸುಪಾಸಿನ ಟ್ರ್ಯಾಕ್ ಅಷ್ಟೆ, ಆದ್ರೆ ಮುಗಿದಾಗ ತುಂಬಾ ಹೊತ್ತು ಎಲ್ಲೋ ಸುಮ್ನೆ ಕೂತು ಎದ್ದು ಬಂದ ಹಾಗಿರತ್ತೆ. ನಿಧಾನ ಅನ್ನೋ ಒಂದೇ ಕಾರಣಕ್ಕಾ? ನಿಧಾನ ಇರೋ ಎಷ್ಟೋ ಬ್ಯಾಲಡ್ ಕೇಳಿದೀನಿ, ಅರ್ಧಕ್ಕೇ ಮುಂದಕ್ಕೆ ತಳ್ಳಿದೀನಿ. ಇದ್ರಲ್ಲಿ ಏನೋ ಬೇರೆ ಕೆಲಸ ನಡೀತಿದೆ ಅನ್ಸತ್ತೆ, ಏನು ಅಂತ ಕೈಗೆ ಸಿಗ್ತಿಲ್ಲ. ಗಿಟಾರ್ ನುಡಿಸೋರು ಯಾರಾದ್ರೂ ಇದ್ರೆ ಬಿಡಿಸಿ ಹೇಳಿ, ಸ್ವರದ ಲೆಕ್ಕದಲ್ಲಿ ಹೇಳಿದ್ರೆ ಇನ್ನೂ ಉಪಕಾರ.

ಕಾಫಿಪುಡಿ:
ಸಾರ್, ಕೋಪ ಮಾಡ್ಕೋಬೇಡಿ, ಈಗ ತಾನೇ ಕೇಳ್ದೆ. ಸ್ಟಾರ್ ಹೋಟೆಲ್ ಲಾಬಿಯಲ್ಲಿ ಹಾಕೋ ಮ್ಯೂಸಿಕ್ ಥರ ಇದೆ. ಚೆನ್ನಾಗಿದೆ, ಅಲ್ಲ ಅನ್ನಲ್ಲ, ಆದ್ರೆ ತಲೆ ಕೆಡಿಸ್ಕೊಳ್ಳೋ ಅಂಥದ್ದೇನಿದೆ?

ಆರನೇ_ತಂತಿ:
ಕಾಫಿಪುಡಿಯವ್ರೇ, ಆ ಲಾಬಿ ಮ್ಯೂಸಿಕ್‌ಗೆ ಹೀಗೆ ನುಡಿಸಬೇಕು ಅಂತ ಹೇಳ್ಕೊಟ್ಟವ್ರಲ್ಲಿ ಇವ್ನೂ ಒಬ್ಬ, ಆಮೇಲೆ ಬಂದವ್ರು ಸಕ್ಕರೆ ಜಾಸ್ತಿ ಹಾಕಿದ್ರು. ಸರಿ, ವಿಷಯಕ್ಕೆ ಬರ್ತೀನಿ, ಸ್ವಲ್ಪ ಉದ್ದ ಆಗತ್ತೆ.

ಗಿಟಾರ್‌ನಲ್ಲಿ ಬ್ಯಾಲಡ್ ನುಡಿಸೋದೇ ಒಂದು ತೊಂದ್ರೆ ಕಣ್ರಿ. ಕೊಳಲಾದ್ರೆ ಉಸಿರು ಇರೋವರ್ಗೂ ಸ್ವರ ನಿಲ್ಲತ್ತೆ, ಪಿಟೀಲಾದ್ರೆ ಕಮಾನು ಇದೆ, ಗಿಟಾರ್ ತಂತಿ ಮೀಟಿದ ಮರುಕ್ಷಣದಿಂದ್ಲೇ ಸಾಯೋಕೆ ಶುರು. ಅದ್ರಲ್ಲೂ ಇವ್ನು ನುಡಿಸ್ತಿದ್ದ ಆರ್ಚ್‌ಟಾಪ್ ಗಿಟಾರ್‌ಗಳಲ್ಲಿ, ಪಿಟೀಲಿನ ಥರ ಉಬ್ಬಿದ ಮೇಲ್ಮೈ ಇರೋ ಟೊಳ್ಳು ಗಿಟಾರು, ಸದ್ದು ಬೇಗ ಇಳಿಯತ್ತೆ. ಹಾಗಾಗಿ ನಿಧಾನ ಹಾಡು ಅಂದ ತಕ್ಷಣ ಸ್ವರ ಸ್ವರದ ಮಧ್ಯೆ ತೂತು ಬೀಳತ್ತೆ, ಆ ತೂತು ತುಂಬಕ್ಕೆ ಹೆಚ್ಚಿನವ್ರು ಏನೇನೋ ಫಿಲ್, ಅಂದ್ರೆ ಸಣ್ಣಪುಟ್ಟ ಅಲಂಕಾರದ ಸ್ವರಗಳು, ಸುರೀತಾರೆ. ಸ್ಮಿತ್ ಹಾಗೆ ಸುರಿಯಲ್ಲ. ಮೆಲೊಡಿಯ ಒಂದೊಂದು ಸ್ವರದ ಕೆಳಗೂ ಪೂರ್ತಿ ಕಾರ್ಡ್, ಅಂದ್ರೆ ಒಟ್ಟಿಗೆ ಮೀಟೋ ಸ್ವರಗಳ ಗುಂಪು, ಇಡ್ತಾನೆ, ಒಂದು ಕಾರ್ಡ್‌ನಿಂದ ಇನ್ನೊಂದಕ್ಕೆ ಹೋಗುವಾಗ ಎಲ್ಲಾ ಬೆರಳನ್ನೂ ಒಟ್ಟಿಗೆ ಎತ್ತಲ್ಲ. ಮೇಲಿನ ಸ್ವರ ಹಿಡಿದ ಬೆರಳು ಕೊನೇ ಘಳಿಗೆವರೆಗೂ ಅಲ್ಲೇ ಇರತ್ತೆ. ಕೆಳಗಿನವು ಜಾಗ ಬದಲಾಯಿಸ್ತಾ ಇದ್ರೂ ನಮ್ಮ ಕಿವಿಗೆ ಮೆಲೊಡಿ ಕಡಿದ ಹಾಗೆ ಕೇಳ್ಸಲ್ಲ. ಅಷ್ಟು ಹೊತ್ತು ಹಿಡಿದಿಡೋಕೆ ಎಡಗೈ ಎಷ್ಟು ಹಿಗ್ಗಬೇಕು ಅನ್ನೋದು ನುಡಿಸೋಕೆ ಹೋದವ್ರಿಗೇ ಗೊತ್ತು.

ವೀಣೆಯ_ಕಿವಿ:
ಇದು ವೀಣೆಗೂ ಇರೋ ತೊಂದ್ರೆನೇ ಅಲ್ವಾ. ಮೀಟಿದ್ಮೇಲೆ ನಾದ ಇಳೀತಾ ಹೋಗತ್ತೆ, ಅದಕ್ಕೇ ನಾವು ತಂತಿ ಎಳೆದು ಗಮಕದಲ್ಲಿ ಆ ಉಳಿದ ನಾದಾನ ಪೂರ್ತಿ ಉಪಯೋಗಿಸ್ಕೋತೀವಿ, ಒಂದೇ ಮೀಟಿಗೆ ನಾಲ್ಕು ಸ್ವರ ತೆಗೆಯೋರಿದಾರೆ. ಈ ಮನುಷ್ಯ ತಂತಿ ಎಳೆಯೋದೇ ಇಲ್ವಲ್ಲ. ಗಮಕ ಇಲ್ಲದೆ ಸ್ವರ ಬೋಳು ಬೋಳಾಗಿ ಇರ್ಬೇಕಿತ್ತು, ಆದ್ರೆ ಇಲ್ಲ. ಅದು ನಂಗೆ ಆಶ್ಚರ್ಯ.

ಆರನೇ_ತಂತಿ:
ಅದೇ ಪಾಯಿಂಟು. ನೀವು ಗಮಕದಲ್ಲಿ ಮಾಡೋ ಕೆಲಸಾನ ಅವ್ನು ಕಾರ್ಡ್‌ನ ಒಳಗೆ ಮಾಡ್ತಾನೆ. ಮೇಲಿನ ಸ್ವರ ಅಲ್ಲಾಡ್ದೆ ನಿಂತಿರತ್ತೆ, ಕೆಳಗಿನ ಒಂದು ಸ್ವರ ಅರ್ಧ ಹೆಜ್ಜೆ ಜಾರತ್ತೆ, ಅಷ್ಟಕ್ಕೇ ಮೇಲಿನ ಸ್ವರದ ಬಣ್ಣ ಬೇರೆ.

ಇನ್ನೊಂದು, ಅವ್ನ ಕಾರ್ಡ್‌ಗಳು ಕ್ಲೋಸ್ ವಾಯ್ಸಿಂಗ್, ಅಂದ್ರೆ ಎಲ್ಲಾ ಸ್ವರ ಒಂದೇ ಸ್ಥಾಯಿಯೊಳಗೆ ಒತ್ತೊತ್ತಾಗಿ. ಪಿಯಾನೋದಲ್ಲಿ ಇದು ಸುಲಭ, ಒಂದು ಕೈ ಇಟ್ರೆ ಆಯ್ತು. ಗಿಟಾರ್ ಹೆಚ್ಚಾಗಿ ಮಧ್ಯಮದ ಅಂತರದಲ್ಲಿ ಟ್ಯೂನ್ ಆಗಿರೋದ್ರಿಂದ ಹತ್ತಿರದ ಸ್ವರಗಳು ಬೇಕಂದ್ರೆ ಬೆರಳು ದೂರ ದೂರ ಹೋಗ್ಬೇಕು. ಸಿ ಮೇಜರ್ ಸೆವೆಂತ್ ಅನ್ನೋ ಕಾರ್ಡ್ ತಗೊಳ್ಳಿ, ಸ ಗ ಪ ನಿ. ನಾವೆಲ್ಲ ಸಾಮಾನ್ಯವಾಗಿ ಹಿಡಿಯೋದು ಐದನೇ ತಂತಿಯಿಂದ ಶುರುಮಾಡಿ 3, 5, 4, 5ನೇ ಫ್ರೆಟ್ (ವೀಣೆಯ ಮೆಟ್ಟಿನ ಥರದ್ದು), ಅದ್ರಲ್ಲಿ ಗಾಂಧಾರ ಒಂದು ಸ್ಥಾಯಿ ಮೇಲೆ ಹೋಗಿರತ್ತೆ, ಕೈಗೆ ಆರಾಮ. ಅದನ್ನೇ ಒತ್ತಾಗಿ ಹಿಡಿಯೋಕೆ ಆರನೇ ತಂತಿ 8, ಐದನೇದು 7, ನಾಲ್ಕನೇದು 5, ಮೂರನೇದು 4. ಐದು ಫ್ರೆಟ್ ಅಗಲ. ಹಿಡಿದು ನೋಡಿ, ಮಣಿಕಟ್ಟು ಮಾತಾಡತ್ತೆ. ಅದ್ರಲ್ಲೂ ನಿಷಾದ ಕೆಳಗೆ, ಅದ್ರ ಪಕ್ಕದಲ್ಲೇ ಷಡ್ಜ ಬರೋ ಹಾಗೆ ತಿರುಗಿಸಿದ್ರೆ ಆ ಎರಡು ಸ್ವರ ಒಂದಕ್ಕೊಂದು ಉಜ್ಕೊಂಡು ಸಣ್ಣದಾಗಿ ನಡುಗುತ್ವೆ. ಜೋರಾಗಿ ಮೀಟಿದ್ರೆ ಅಪಸ್ವರ, ಮೆತ್ತಗೆ ಮೀಟಿದ್ರೆ ಹೊಳಪು. ರೆಕಾರ್ಡ್‌ನಲ್ಲಿ ಒಂಥರಾ ಮಂಜು ಮಂಜಾಗಿ ಕೇಳ್ಸತ್ತಲ್ಲ, ಅದಕ್ಕೆ ಈ ಉಜ್ಜಾಟದ ಪಾಲು ದೊಡ್ಡದು.

ಧಾರವಾಡ_ಗಾಳಿ:
ಛಲೋ ಬರದೀರಿ. ನಾನು ಹಿಂದೂಸ್ತಾನಿ ಕೇಳಾಂವ, ಜಾಝ್ ಅಷ್ಟಕ್ಕಷ್ಟ. ಆದ್ರ ಈ ಹಾಡಿನೊಳಗ ಒಂದು ವಿಚಿತ್ರ ಐತಿ ನೋಡ್ರಿ, ನಾನು ಬೆರಳಾಗ ಮಾತ್ರೆ ಎಣಿಸ್ಕೋತ ಕುಂತಿದ್ದೆ, ಸಾಲು ಮುಗಿಯೋದು ನಾನು ಅಂದ್ಕೊಂಡ ಜಾಗಾದಾಗ ಅಲ್ಲ. ಸಮ್, ಅಂದ್ರ ತಾಳದ ಮೊದಲ ಮಾತ್ರೆ, ಬರೂದ್ಕಿಂತ ಮೊದ್ಲ ಮುಗದ್ಹೋಗತೈತಿ. ನಂದೊಬ್ಬಂದs ಭ್ರಮೇನೋ?

ದೂರದ_ಬಾಸ್ಟನ್:
ಭ್ರಮೆ ಅಲ್ಲ ಸ್ವಾಮಿ. ಆ ಕಾಲದ ಅಮೆರಿಕನ್ ಪಾಪ್ ಹಾಡುಗಳು ಹೆಚ್ಚಾಗಿ ಎಂಟೆಂಟು ಬಾರ್‌ನ (ಬಾರ್ ಅಂದ್ರೆ ತಾಳದ ಒಂದು ಸಣ್ಣ ಆವರ್ತ) ನಾಲ್ಕು ಭಾಗ, ಒಟ್ಟು 32. ಇದು ಮಾತ್ರ ಆರು, ಆರು, ಮಧ್ಯದ ಬ್ರಿಡ್ಜ್, ಅಂದ್ರೆ ಟ್ಯೂನ್ ಬೇರೆಯಾಗೋ ಭಾಗ, ಎಂಟು, ಮತ್ತೆ ಆರು, ಕೊನೇಲಿ ಎರಡು ಬಾರ್ ಬಾಲ. 28ಕ್ಕೆ ಮುಗೀತು. ಕಿವಿ ಎಂಟಕ್ಕೆ ಸಿದ್ಧವಾಗಿರತ್ತೆ, ಹಾಡು ಆರಕ್ಕೇ ಮುಂದಿನ ಸಾಲು ಶುರುಮಾಡತ್ತೆ. ಅದಕ್ಕೇ ಇಷ್ಟು ನಿಧಾನ ಇದ್ರೂ ಎಳೆದ ಹಾಗೆ ಅನ್ಸಲ್ಲ ಅಂತ ನನ್ನ ವಾದ. ಮಾಮೂಲಿ ಬ್ಯಾಲಡ್‌ನಲ್ಲಿ ಏಳು ಎಂಟನೇ ಬಾರ್ ಅಂದ್ರೆ ಹಾಡೋರು ಉಸಿರು ತಗೊಳ್ಳೋ ಜಾಗ, ಅಲ್ಲೇ ಬೋರ್ ಹೊಡಿಯೋದು. ಇಲ್ಲಿ ಆ ಜಾಗನೇ ಕತ್ತರಿಸಿ ಎಸೆದಿದಾರೆ.

ಹಾಡು ಬರೆದಿದ್ದು ಜಾನ್ ಬ್ಲ್ಯಾಕ್‌ಬರ್ನ್, ಟ್ಯೂನ್ ಕಾರ್ಲ್ ಸ್ಯೂಸ್‌ಡಾರ್ಫ್. 1944ರಲ್ಲಿ ಮಾರ್ಗರೆಟ್ ವೈಟಿಂಗ್ ಹಾಡಿ ಫೇಮಸ್ ಆಯ್ತು. ಪ್ರಾಸನೇ ಇಲ್ಲ ಅದ್ರಲ್ಲಿ. ಆರು ಬಾರ್‌ನ ಒಂದೊಂದು ಭಾಗದಲ್ಲೂ ಮೂರು ಸಾಲು, ಎಣಿಸಿದ್ರೆ 5, 7, 5 ಉಚ್ಚಾರಾಂಶ, ಜಪಾನಿ ಹೈಕು ಅಳತೆ. ಬೇಕಂತಲೇ ಮಾಡಿದ್ರೋ ಹಾಗೇ ಬಂತೋ, ಹಾಡು ಮಾತ್ರ ಒಂದೊಂದು ಚಿತ್ರ ತೋರಿಸಿ ಮುಂದೆ ಹೋಗತ್ತೆ, ಉದುರೋ ಎಲೆ, ತೊರೆ, ಹಿಮದ ಮೇಲೆ ಜಾರುವ ಹಾದಿ. ನಾನು ನಿನ್ನ ಪ್ರೀತಿಸ್ತೀನಿ ನೀನು ನನ್ನ ಬಿಟ್ಟೋದೆ ಅನ್ನೋ ಗೋಳು ಎಲ್ಲೂ ಇಲ್ಲ. ವಾದ್ಯದಲ್ಲಿ ಮಾತೇ ಇಲ್ದಿದ್ರೂ ಆ ಕಟ್ಟಡ ಹಾಗೇ ಉಳಿದಿದೆ.

ನಾನಿರೋ ಕಡೆಯಿಂದ ವರ್ಮಾಂಟ್ ಕಾರಲ್ಲಿ ಹತ್ತಿರವೇ, ಅಕ್ಟೋಬರ್‌ನಲ್ಲಿ ಎಲೆ ನೋಡೋಕೆ ಹೋಗೋರ ಟ್ರಾಫಿಕ್ ನೋಡಿದ್ರೆ ಈ ಹಾಡಿನ ಶಾಂತಿ ಎಲ್ಲಾ ಇಳ್ದೋಗತ್ತೆ, ಅದು ಬೇರೆ ಮಾತು 😄

ನಿಧಾನಗತಿ:
ಆರು ಬಾರ್! ಈಗ ಮತ್ತೆ ಕೇಳ್ದೆ, ಎಣಿಸ್ಕೊಂಡು. ಹೌದು. ಬ್ರಿಡ್ಜ್ ಬಗ್ಗೆನೂ ಸ್ವಲ್ಪ ಹೇಳಿ, ಅಲ್ಲಿ ಶ್ರುತಿನೇ ಬದಲಾದ ಹಾಗೆ ಅನ್ಸತ್ತೆ. ಗ್ರಹಭೇದ ಮಾಡಿದ ಹಾಗೆ.

ಆರನೇ_ತಂತಿ:
ಶ್ರುತಿ ಬದಲಾಗತ್ತೆ ನಿಜವಾಗ್ಲೂ. ಹಾಡಿನ ಮೂಲ ಷಡ್ಜವನ್ನ ಸ ಅಂತ ಹಿಡಿದ್ರೆ, ಬ್ರಿಡ್ಜ್‌ನ ಮೊದಲರ್ಧ ಅಂತರ ಗಾಂಧಾರವನ್ನ ಹೊಸ ಷಡ್ಜ ಮಾಡ್ಕೊಳ್ಳತ್ತೆ. ಎರಡನೇ ಅರ್ಧದಲ್ಲಿ ಅದೇ ಸಾಲು ಅರ್ಧ ಹೆಜ್ಜೆ ಮೇಲೆ, ಅಂದ್ರೆ ಶುದ್ಧ ಮಧ್ಯಮ ಷಡ್ಜ. ಆಮೇಲೆ ಪಂಚಮದ ಮೇಲಿನ ಕಾರ್ಡ್ ಮೂಲಕ ಮನೆಗೆ ವಾಪಸ್. ಗ, ಮ, ಪ, ಸ ಅಂತ ಮೆಟ್ಟಿಲು ಹತ್ತಿ ಇಳಿದ ಹಾಗೆ ಅಷ್ಟೆ, ಆದ್ರೆ ಮೊದಲನೇ ಜಿಗಿತ ದೂರದ್ದು. ಅದಕ್ಕೇ ಅಲ್ಲಿ ಬೆಳಕು ಬದಲಾದ ಹಾಗಾಗತ್ತೆ.

ವೀಣೆಯ_ಕಿವಿ:
ಒಂದು ತಕರಾರು. ಅದನ್ನ ಗ್ರಹಭೇದ ಅನ್ಬಾರ್ದು. ಗ್ರಹಭೇದದಲ್ಲಿ ಸ್ವರಸ್ಥಾನಗಳು ಅವೇ ಇರ್ತವೆ, ನಾವು ಷಡ್ಜ ಅಂತ ಯಾವ್ದನ್ನ ಕೇಳ್ತೀವಿ ಅನ್ನೋದು ಮಾತ್ರ ಬದಲು. ಶಂಕರಾಭರಣದ ರಿಷಭ ಹಿಡಿದ್ರೆ ಖರಹರಪ್ರಿಯ, ಗಾಂಧಾರ ಹಿಡಿದ್ರೆ ತೋಡಿ. ಇಲ್ಲಿ ಗಾಂಧಾರಕ್ಕೆ ಹೋದ್ರೂ ತೋಡಿ ಬರಲ್ಲ, ಅಲ್ಲೂ ಶಂಕರಾಭರಣದ ಮುಖನೇ, ಅಂದ್ರೆ ಸ್ವರಸ್ಥಾನಗಳೇ ಬೇರೆ ಬಂದ್ವು. ತಂಬೂರಿ ಇಟ್ಕೊಂಡ್ರೆ ಇದು ಸಾಧ್ಯನೇ ಇಲ್ಲ, ಹಳೇ ಷಡ್ಜ ಕೂಗ್ತಾನೇ ಇರತ್ತೆ.

ಆರನೇ_ತಂತಿ:
ನೂರಕ್ಕೆ ನೂರು ಸರಿ. ತಂಬೂರಿ ಇಲ್ದಿರೋದೇ ಇವ್ರ ಸ್ವಾತಂತ್ರ್ಯ. ಮೊದಲ ಭಾಗದಲ್ಲೂ ಒಂದು ಕಡೆ ನೋಡಿ, ನಾಲ್ಕನೇ ಬಾರ್‌ನಲ್ಲಿ ಕೈಶಿಕಿ ನಿಷಾದದ ಮೇಲೆ ಒಂದು ಡಾಮಿನೆಂಟ್ ಕಾರ್ಡ್, ಅಂದ್ರೆ ಇನ್ನೊಂದು ಕಾರ್ಡ್ ಕಡೆ ಎಳೆಯೋ ಅಂಥದ್ದು, ಬರತ್ತೆ, ಮನೆಯೊಳಗಿನ ಸ್ವರ ಅಲ್ಲ ಅದು. ಒಂದು ಬಾರ್ ಇದ್ದು ಹೋಗ್ಬಿಡತ್ತೆ, ಆದ್ರೆ ಇಡೀ ಸಾಲಿನ ಬೇಜಾರು, ಬೇಜಾರು ಅಂತನೂ ಅಲ್ಲ, ಆ ಯೋಚನೆ ಮಾಡೋ ಗುಣ, ಅಲ್ಲಿಂದ್ಲೇ ಹುಟ್ಟೋದು. ಅದೊಂದನ್ನ ತೆಗೆದು ಮಾಮೂಲಿ ಕಾರ್ಡ್ ಹಾಕಿ ನುಡಿಸಿ ನೋಡಿ, ಕಾಫಿಪುಡಿಯವ್ರು ಹೇಳಿದ ಲಾಬಿ ಬಂದ್ಬಿಡತ್ತೆ.

ಕಾಫಿಪುಡಿ:
ಸರಿ ಮಾರಾಯ್ರೇ ಒಪ್ಕೊಂಡಿಲ್ಲ ಆದ್ರೂ ಇನ್ನೊಂದ್ಸಲ ಕೇಳ್ತೀನಿ. ಒಂದು ಪ್ರಶ್ನೆ, ಗೆಟ್ಜ್ ಅಷ್ಟು ದೊಡ್ಡ ಹೆಸರು, ಅವ್ನು ಯಾಕೆ ಪಕ್ಕದ ರೂಮಲ್ಲಿ ನುಡಿಸಿದ ಹಾಗೆ ನುಡಿಸ್ತಾನೆ?

ದೂರದ_ಬಾಸ್ಟನ್:
ಅದೇ ಅವ್ನ ಶೈಲಿ, ಉಸಿರು ಜಾಸ್ತಿ ಸದ್ದು ಕಮ್ಮಿ. ಆಗ ಅವ್ನಿಗೆ ಇನ್ನೂ ಇಪ್ಪತ್ತೈದು, ವುಡಿ ಹರ್ಮನ್ ಬ್ಯಾಂಡ್‌ನಿಂದ ಬಂದವ್ನು, ಬೊಸಾನೋವಾ ಅನ್ನೋ ಬ್ರೆಜಿಲ್ ಸಂಗೀತದ ಖ್ಯಾತಿ ಬರೋಕೆ ಇನ್ನೂ ಹತ್ತು ವರ್ಷ ಇತ್ತು. ಡ್ರಮ್ಸ್‌ನ ಡಾನ್ ಲಮಾಂಡ್ ಕೂಡ ಹರ್ಮನ್ ಬ್ಯಾಂಡ್‌ನವ್ನೇ, ಬೇಸ್‌ನ ಎಡ್ಡಿ ಸಫ್ರಾನ್ಸ್ಕಿ ಸ್ಟ್ಯಾನ್ ಕೆಂಟನ್ ಜೊತೆ ಇದ್ದವ್ನು, ಪಿಯಾನೋ ಸ್ಯಾನ್‌ಫರ್ಡ್ ಗೋಲ್ಡ್. ಕಿವಿ ಒಡೆಯೋ ಅಂಥಾ ಬಿಗ್ ಬ್ಯಾಂಡ್‌ಗಳಲ್ಲಿ ಬಾರಿಸಿ ಬಂದವ್ರು ಇಲ್ಲಿ ಪಿಸುಗುಟ್ತಿದಾರೆ, ಡ್ರಮ್ಸ್ ಇದೆ ಅಂತ ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ.

ಸ್ಮಿತ್ ಆ ಹೊತ್ತಿಗೆ ನ್ಯೂಯಾರ್ಕ್‌ನ ಎನ್‌ಬಿಸಿ ಅನ್ನೋ ರೇಡಿಯೋ-ಟಿವಿ ಸಂಸ್ಥೆಯಲ್ಲಿ ಸ್ಟಾಫ್ ಮ್ಯೂಸಿಷಿಯನ್. ಬೆಳಿಗ್ಗೆ ಒಂದು ಥರದ ಸಂಗೀತ ಸಂಜೆ ಇನ್ನೊಂದು, ಕಾಗದ ಮುಂದಿಟ್ಟ ತಕ್ಷಣ ನುಡಿಸ್ಬೇಕು. ಷೋನ್‌ಬರ್ಗ್ ಅನ್ನೋ ಪಾಶ್ಚಾತ್ಯ ಶಾಸ್ತ್ರೀಯ ಸಂಯೋಜಕನ ಸೆರೆನೇಡ್ ಅಂತ ಒಂದಿದೆ, ಗಿಟಾರ್ ಭಾಗ ಮಹಾ ಕಷ್ಟ, ದಿಮಿತ್ರಿ ಮಿತ್ರೊಪೌಲೊಸ್ ನಿರ್ದೇಶನದಲ್ಲಿ ಅದನ್ನ ಕೊನೇ ಘಳಿಗೆಯಲ್ಲಿ ಬದಲಿ ಗಿಟಾರಿಸ್ಟ್ ಆಗಿ ಹೋಗಿ ನುಡಿಸಿದವ್ನು ಇವ್ನೇ. ಸ್ವಂತವಾಗಿ ಕಲಿತವ್ನು ಬೇರೆ. 1922ರಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟು, ಗಿರವಿ ಅಂಗಡಿಗಳಲ್ಲಿ ಗಿಟಾರ್ ಟ್ಯೂನ್ ಮಾಡಿಕೊಡೋದು, ಬದ್ಲಿಗೆ ಅಲ್ಲೇ ಕೂತು ನುಡಿಸೋಕೆ ಬಿಡ್ತಿದ್ರು. ಯುದ್ಧದ ಟೈಮಲ್ಲಿ ಪೈಲಟ್ ಆಗ್ಬೇಕು ಅಂತ ಹೋದ, ಕಣ್ಣಿನ ದೋಷಕ್ಕೆ ತಗೊಳ್ಳಲಿಲ್ಲ, ಸೇನೆಯ ಬ್ಯಾಂಡ್‌ಗೆ ಹಾಕಿ ಕೈಗೆ ಕಾರ್ನೆಟ್ ಕೊಟ್ಟು ಎರಡು ವಾರದಲ್ಲಿ ಕಲಿ ಅಂದ್ರು. ಕಲಿತ! ತುತ್ತೂರಿ ಊದೋನಿಗೆ ಸಾಲಿನ ಮಧ್ಯೆ ಉಸಿರು ಕಡೀಬಾರ್ದು ಅನ್ನೋದು ಮೊದಲ ಪಾಠ, ಗಿಟಾರ್‌ನಲ್ಲಿ ಮೆಲೊಡಿ ಕಡಿಯದ ಹಾಗೆ ನೋಡ್ಕೊಳ್ಳೋ ಹಠ ಅಲ್ಲಿಂದ ಬಂದಿರ್ಬಹುದು ಅನ್ನೋದು ನನ್ನ ಊಹೆ, ಯಾರೂ ಹೇಳಿದ್ದಲ್ಲ.

ಧಾರವಾಡ_ಗಾಳಿ:
ಮುಂದ ಏನಾದ ಈ ಮನಷ್ಯಾ? ನಮ್ಮ ಕಡೆ ಹೆಸರ ಕೇಳಿಲ್ಲಲ್ಲ.

ದೂರದ_ಬಾಸ್ಟನ್:
ಹೆಸರು ಕೇಳಿಲ್ದಿದ್ರೂ ಟ್ಯೂನ್ ಕೇಳಿರ್ತೀರಿ. 1954ರಲ್ಲಿ ವಾಕ್ ಡೋಂಟ್ ರನ್ ಅಂತ ಒಂದು ಮಾಡಿದ. ಅದನ್ನ ಚೆಟ್ ಅಟ್ಕಿನ್ಸ್ ತನ್ನ ಥರ ನುಡಿಸಿದ, ಅದನ್ನ ಕೇಳಿ ವೆಂಚರ್ಸ್ ಅನ್ನೋ ಬ್ಯಾಂಡ್ 1960ರಲ್ಲಿ ರಾಕ್ ಮಾಡಿ ಅಮೆರಿಕದ ಚಾರ್ಟ್‌ನಲ್ಲಿ ಎರಡನೇ ಸ್ಥಾನಕ್ಕೆ ಹೋಯ್ತು. ಮೂಲ ಕೇಳಿದ್ರೆ ಗುರುತೇ ಸಿಗಲ್ಲ, ಅಷ್ಟು ನಯ.

ಆಮೇಲೆ ಸ್ಮಿತ್ ಹೆಂಡ್ತಿ ತೀರ್ಕೊಂಡ್ರು, ಚಿಕ್ಕ ಮಗಳು. 1958ರಲ್ಲಿ ನ್ಯೂಯಾರ್ಕ್ ಬಿಟ್ಟು ಕೊಲರಾಡೋ ಸ್ಪ್ರಿಂಗ್ಸ್‌ಗೆ ಹೋದ, ಸಂಗೀತದ ಅಂಗಡಿ ಇಟ್ಟ, ಮಗಳನ್ನ ಬೆಳೆಸಿದ. ಹೆಸರಿನ ಉತ್ತುಂಗದಲ್ಲಿ. ರೂಸ್ಟ್‌ಗೆ ರೆಕಾರ್ಡ್ ಮಾಡ್ತಾ ಇದ್ದ, ಊರಲ್ಲಿ ನುಡಿಸ್ತಿದ್ದ, 1977ರಲ್ಲಿ ಬಿಂಗ್ ಕ್ರಾಸ್ಬಿ ಜೊತೆ ಟೂರ್ ಹೋಗಿದ್ದ. 2013ರಲ್ಲಿ ತೊಂಬತ್ತನೇ ವಯಸ್ಸಲ್ಲಿ ಅಲ್ಲೇ ಹೋದ್ರು.

ನಿಧಾನಗತಿ:
ಅದಕ್ಕೇ ಇರ್ಬೇಕು ಹಾಡಲ್ಲಿ ಆ ಒಂಟಿತನ.

ಆರನೇ_ತಂತಿ:
ಇಲ್ಲ ಇಲ್ಲ, ತಡೀರಿ. ರೆಕಾರ್ಡ್ ಆಗಿದ್ದು 1952, ದುಃಖ ಬಂದಿದ್ದು ಆಮೇಲೆ. ಕಲಾವಿದನ ಜೀವನದ ನೋವನ್ನೆಲ್ಲ ತಂದು ಹಾಡಿಗೆ ಅಂಟಿಸೋ ಚಾಳಿ ನಂಗೆ ಆಗಲ್ಲ. ಅವ್ನು ಆ ದಿನ ಸ್ಟುಡಿಯೋಗೆ ಹೋಗಿ ಅಚ್ಚುಕಟ್ಟಾಗಿ ಕೆಲಸ ಮಾಡಿ ಬಂದ. ಇದ್ರಲ್ಲಿರೋ ಶಾಂತಿ ಕೈಚಳಕದಿಂದ ಬಂದಿದ್ದು, ಕಣ್ಣೀರಿಂದ ಅಲ್ಲ. ಮಧ್ಯೆ ಒಂದು ಕಡೆ ಒಂಟಿ ಸ್ವರಗಳಲ್ಲಿ ಸರ್ರಂತ ಓಡ್ತಾನಲ್ಲ, ಎಷ್ಟು ವೇಗ ನೋಡಿ, ಒಂದು ಸ್ವರನೂ ಮಸುಕಾಗಿಲ್ಲ. ಬೇಕಂದ್ರೆ ಇಡೀ ಹಾಡು ಹಾಗೇ ಓಡಿಸೋ ತಾಕತ್ತಿರೋನು ಮಿಕ್ಕಿದ್ದೆಲ್ಲ ತಡ್ಕೊಂಡಿದಾನೆ. ಅದು ಗೊತ್ತಾದ್ಮೇಲೆ ನಿಧಾನಕ್ಕೆ ತೂಕ ಬರತ್ತೆ.

ವೀಣೆಯ_ಕಿವಿ:
ಆದ್ರೂ ಭಾವ ಅನ್ನೋದು ಬರೀ ಕೈಚಳಕ ಅಂದ್ರೆ ಒಪ್ಪಕ್ಕಾಗಲ್ಲ ನಂಗೆ. ಇರ್ಲಿ.

ನಮ್ಮೂರಿನ ಕಡೆ ತಿರುಗಿಸ್ತೀನಿ ಸ್ವಲ್ಪ. 1983ರಲ್ಲಿ ಜರ್ಮನಿಯ ಇಸಿಎಂ ಲೇಬಲ್‌ನಲ್ಲಿ ಜ್ಯೋತಿ ಅಂತ ಒಂದು ಆಲ್ಬಂ ಬಂತು, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನವ್ರು, ಟಿ.ಎ.ಎಸ್. ಮಣಿ ಮೃದಂಗ, ಆರ್.ಎ. ರಮಾಮಣಿ ಹಾಡುಗಾರಿಕೆ, ಜೊತೆಗೆ ಅಮೆರಿಕದ ಸ್ಯಾಕ್ಸ್ ವಾದಕ ಚಾರ್ಲಿ ಮರಿಯಾನೋ. ಅದ್ರಲ್ಲಿ ಪಿಯಾನೋನೂ ಇಲ್ಲ ಗಿಟಾರೂ ಇಲ್ಲ. ಕಾರ್ಡ್ ನುಡಿಸೋ ವಾದ್ಯನೇ ಇಲ್ದಿರೋದ್ರಿಂದ ರಾಗ ಉಸಿರಾಡತ್ತೆ. ನೀವು ಇಲ್ಲಿ ಇಷ್ಟೊತ್ತು ಹೊಗಳಿದ ಒತ್ತು ಕಾರ್ಡ್‌ಗಳನ್ನ ಅಲ್ಲಿ ತಂದು ಇಟ್ರೆ ರಾಗ ಅಲ್ಲೇ ಸಾಯತ್ತೆ. ಧ್ಯಾನಕ್ಕೆ ಎರಡು ದಾರಿ ಇವೆ, ಒಂದಕ್ಕೊಂದು ಸೇರೋದು ಕಷ್ಟ.

ಧಾರವಾಡ_ಗಾಳಿ:
ಇದು ಖರೆ ಮಾತು. ವಿಲಂಬಿತ್ ಖಯಾಲ್‌ನಾಗ ಒಂದs ಸ್ವರಾ ಹಿಡದು ಅದರ ಸುತ್ತ ತಿರಗತೇವಿ, ನೆಲಾ ಅಲ್ಲಾಡೂದಿಲ್ಲ. ಇಲ್ಲಿ ಸ್ವರಾ ನಿಂತ ನೆಲಾನ ಸರದ ಹೋಗತೈತಿ. ಎರಡೂ ಕಡೆ ಕೇಳಾಂವ ಸುಮ್ನ ಆಗತಾನ, ಅದs ಮಜಾ.

ನಿಧಾನಗತಿ:
ಇದೇ ಥರದ್ದು ಮುಂದೆ ಏನು ಕೇಳ್ಲಿ? ಗಿಟಾರ್ ಬ್ಯಾಲಡ್ ಮಾತ್ರ ಹೇಳಿ.

ಆರನೇ_ತಂತಿ:
ವೆಸ್ ಮಾಂಟ್‌ಗಮರಿಯ ರೌಂಡ್ ಮಿಡ್‌ನೈಟ್, 1959, ರಿವರ್‌ಸೈಡ್ ಲೇಬಲ್, ಆರ್ಗನ್ ಮತ್ತೆ ಡ್ರಮ್ಸ್ ಜೊತೆ. ಪಿಕ್ ಇಲ್ಲ, ಹೆಬ್ಬೆರಳಲ್ಲೇ ಮೀಟೋದು, ಹಾಗಾಗಿ ಸ್ವರದ ಅಂಚು ದುಂಡಗೆ. ಸ್ಮಿತ್‌ದು ಪಾಲಿಶ್ ಮಾಡಿದ್ದು ಅನ್ಸಿದ್ರೆ ವೆಸ್‌ದು ಬೆಚ್ಚಗೆ. ಆಮೇಲೆ ಬಿಲ್ ಇವಾನ್ಸ್ ಪಿಯಾನೋ, ಜಿಮ್ ಹಾಲ್ ಗಿಟಾರ್, ಇಬ್ಬರೇ, ಅಂಡರ್‌ಕರೆಂಟ್ ಆಲ್ಬಂ, 1962ರಲ್ಲಿ ರೆಕಾರ್ಡ್ ಆಗಿದ್ದು. ಜಿಮ್ ಹಾಲ್ ಎಷ್ಟು ಕಮ್ಮಿ ನುಡಿಸ್ತಾನೆ ಅಂದ್ರೆ ಕೆಲವೊಮ್ಮೆ ಎದ್ದು ಹೋದ್ನಾ ಅನ್ಸತ್ತೆ.

ದೂರದ_ಬಾಸ್ಟನ್:
ಕೆನ್ನಿ ಬರೆಲ್ ಬಿಟ್ಬಿಟ್ರಲ್ಲ! 1958ರಲ್ಲಿ ಜಾನ್ ಕೋಲ್ಟ್ರೇನ್ ಜೊತೆ ವೈ ವಾಸ್ ಐ ಬಾರ್ನ್, ಆ ಒಂದು ಟ್ರ್ಯಾಕ್‌ನಲ್ಲಿ ಇಬ್ರೇ, ಬೇಸ್ ಇಲ್ಲ ಡ್ರಮ್ಸ್ ಇಲ್ಲ. ಇಲ್ಲೂ ಗಿಟಾರ್ ಮತ್ತೆ ಟೆನರ್, ಅಲ್ಲೂ ಗಿಟಾರ್ ಮತ್ತೆ ಟೆನರ್. ಪಕ್ಕಪಕ್ಕ ಇಟ್ಟು ಕೇಳಿ. ಗೆಟ್ಜ್ ಗಿಟಾರ್‌ನ ನೆರಳಲ್ಲೇ ನಡೀತಾನೆ, ಕೋಲ್ಟ್ರೇನ್ ಮುಂದೆ ನಡೆದು ಗಿಟಾರ್ ಹಿಂದೆ ಬರತ್ತೆ. ನಂಗೆ ಎರಡನೇದೇ ಜಾಸ್ತಿ ಇಷ್ಟ, ಹೊಡೀಬೇಡಿ.

ಕಾಫಿಪುಡಿ:
ಕೆನ್ನಿ ಬರೆಲ್ ಕೇಳ್ದೆ. ಇದು ಲಾಬಿ ಅಲ್ಲ. ಇದಕ್ಕೆ ನನ್ನ ವೋಟು. ಸ್ಮಿತ್ ಇನ್ನೂ ಲಾಬಿನೇ, ಆದ್ರೆ ಒಳ್ಳೇ ಲಾಬಿ.

ವೀಣೆಯ_ಕಿವಿ:
ನಮ್ಮ ಹುಡುಗ ಗಿಟಾರ್ ಕಲೀತಿದಾನೆ, ಈ ಹಾಡು ಕೂರಿಸ್ಕೋಬೇಕು ಅಂತ ಹಟ ಹಿಡಿದಿದಾನೆ. ಸ್ಮಿತ್ ಕೆಳಗಿನ ತಂತಿ ಇಳಿಸ್ತಿದ್ರು ಅಂತ ಎಲ್ಲೋ ಓದ್ದೆ, ಹೌದಾ? ಇವ್ನು ಇಳಿಸಿದ್ರೆ ಬರೀ ಜರ್ ಜರ್ ಅಂತ ಸದ್ದು.

ಆರನೇ_ತಂತಿ:
ಹೌದು, ಆರನೇ ತಂತಿಯನ್ನ E ಸ್ವರದಿಂದ D ಸ್ವರಕ್ಕೆ ಇಳಿಸೋದು ಅವ್ರಿಗೆ ಮಾಮೂಲು, ಕೆಳಗೆ ಎರಡು ಅರ್ಧಸ್ವರ ಜಾಸ್ತಿ ಸಿಗತ್ತೆ. ಜರ್ ಜರ್ ಬರ್ತಿರೋದು ತಂತಿ ತೆಳ್ಳಗಿರೋದಕ್ಕೆ ಇರ್ಬೇಕು, 9 ಅಥವಾ 10 ಗೇಜ್ (ತಂತಿ ದಪ್ಪದ ಅಳತೆ) ಹಾಕಿದ್ರೆ ಇಳಿಸಿದಾಗ ಸಡಿಲ ಆಗತ್ತೆ. 12ರ ಫ್ಲಾಟ್‌ವೂಂಡ್ ಸೆಟ್ ಹಾಕ್ಸಿ, ಮೇಲ್ಮೈ ನುಣ್ಣಗಿರೋದ್ರಿಂದ ಕೈ ಸರಿಸುವಾಗ ಕಿರ್ ಅನ್ನಲ್ಲ, ಈ ಥರದ ಹಾಡಿಗೆ ಅದೇ ಬೇಕು. ಅಷ್ಟು ದಪ್ಪ ತಂತಿ ಹಾಕಿದ್ಮೇಲೆ ನೆಕ್ ಸ್ವಲ್ಪ ಬಾಗ್ಬಹುದು, ಅಂಗಡಿಯಲ್ಲಿ ಸೆಟಪ್ ಮಾಡಿಸ್ಕೊಳ್ಳಿ. ಹುಡುಗನಿಗೆ ಎಷ್ಟು ವಯಸ್ಸು? ಕೈ ಚಿಕ್ಕದಿದ್ರೆ ಆ ಐದು ಫ್ರೆಟ್ ಕಾರ್ಡ್‌ಗಳನ್ನ ಈಗ್ಲೇ ಹಿಡಿಯೋಕೆ ಬಿಡಬೇಡಿ, ಮೊದ್ಲು ಮೇಲಿನ ನಾಲ್ಕು ತಂತಿಯಲ್ಲಿ 10, 9, 8, 7 ಅಂತ ಅದೇ ಮೇಜರ್ ಸೆವೆಂತ್ ಹಿಡೀಲಿ, ಅಲ್ಲಿ ಅಷ್ಟು ಹಿಗ್ಗಬೇಕಾಗಿಲ್ಲ.

ವೀಣೆಯ_ಕಿವಿ:
ಹದಿನಾಲ್ಕು. ಆದ್ರೆ ಕೈ ನನಗಿಂತ ಉದ್ದ. ತಂತಿ ತರಿಸ್ತೀನಿ, ಥ್ಯಾಂಕ್ಸ್.